ಅಂಗೈಯಗಲದ ಒಲೆ, ಅಂಜುವ ಅಪ್ಪ

ಧೈರ್ಯಸ್ಥರಿಗೆ ಜೀವನದಲ್ಲಿ ಹೇಳಿಕೊಳ್ಳಲು ಒಂದೋ ಎರಡೋ ಪ್ರಸಂಗ ಸಿಗುತ್ತವೆ. ಅಂಜುವವನಿಗೆ ಅಂಗಳಕ್ಕೆ ಇಳಿದರೆ ಸಾಕು, ಒಂದು ಸಿಗುತ್ತದೆ.

ನಾನು ಹುನಗುಂದದ ಒಂದು ಕಾಲೇಜಿನಲ್ಲಿ ಗ್ರಂಥಪಾಲಕ. ಮಾತು ಕಡಿಮೆ, ಓದು ಹೆಚ್ಚು. ಓದಿನಿಂದ ಅಂಜಿಕೆ ಹೋಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ನನ್ನ ಅನುಭವ ಬೇರೆ. ಓದದವನು ಬೆಂಕಿಗೆ ಸುಮ್ಮನೆ ಅಂಜುತ್ತಾನೆ. ಓದಿದವನು ಅದು ಹೇಗೆಲ್ಲ ಹತ್ತಬಹುದು ಎಂದು ವಿವರವಾಗಿ ಅಂಜುತ್ತಾನೆ. ಚಿಕ್ಕವನಿದ್ದಾಗ ನಮ್ಮ ಓಣಿಯಲ್ಲಿ ಒಂದು ಪಂಪ್ ಸ್ಟೋವ್ ಭುಗಿಲ್ಲೆಂದು ಎದ್ದದ್ದನ್ನು ನೋಡಿದ್ದೆ. ಯಾರಿಗೂ ಏನೂ ಆಗಲಿಲ್ಲ, ಗೋಡೆ ಕಪ್ಪಾಯಿತು ಅಷ್ಟೆ. ಆದರೆ ಅಂದಿನಿಂದ ನಾನು ಒಲೆ ಇರುವ ಕೋಣೆಯಲ್ಲಿ ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತೇನೆ.

ಇಂಥವನ ಮಗಳಿಗೆ ಹಿಮಾಲಯಕ್ಕೆ ಹೋಗುವ ಮನಸ್ಸಾಯಿತು.

ಅವಳು ಬಾಗಲಕೋಟೆಯಲ್ಲಿ ಒಂದು ಖಾಸಗಿ ಸಾಲೆಯ ಶಿಕ್ಷಕಿ. ಜೊತೆಗೆ ಇಬ್ಬರು ಗೆಳತಿಯರು. ಮೂವರಲ್ಲಿ ಒಬ್ಬಳೂ ಹಿಂದೆ ಬೆನ್ನಚೀಲ ಹೊತ್ತು ನಡೆದವಳಲ್ಲ. ಬೇಸಿಗೆ ರಜೆಯಲ್ಲಿ ಬೆಟ್ಟದ ದಾರಿ ಹಿಡಿಯುವುದು, ಅವರವರ ಸಾಮಾನು ಅವರವರೇ ಹೊರುವುದು, ಅವರವರ ಅಡುಗೆ ಅವರವರೇ ಮಾಡಿಕೊಳ್ಳುವುದು ಎಂದು ಮಾತಾಗಿತ್ತು. ಅವರ ಪಗಾರಕ್ಕೆ ದೊಡ್ಡ ಅಂಗಡಿಯ ಒಲೆ, ಪಾತ್ರೆ ಹೊಂದುವಂಥವಲ್ಲ. ಎಲ್ಲವೂ ಅಗ್ಗದ್ದಾಗಬೇಕು, ಹಗುರ ಇರಬೇಕು. ಮೇಲಾಗಿ ಮನೆಯವರು ಹೂಂ ಅನ್ನಬೇಕು.

ಹೂಂ ಅನ್ನಬೇಕಾದವಳು ನನ್ನ ಹೆಂಡತಿ. ಮರೋಳದ ಕಡೆಯ ಒಕ್ಕಲುತನದ ಮನೆಯವಳು, ಕನ್ನಡ ಸಾಲೆಯ ಮಾಸ್ತರಿಣಿ. ಅವಳು ಯಾವುದಕ್ಕೂ ಅಂಜಿದ್ದನ್ನು ನಾನು ನೋಡಿರಲಿಲ್ಲ.

೧. ಹಾಲು ಉಕ್ಕಿಸಿದ್ದು

ಒಲೆಯನ್ನು ಮಗಳೇ ಮಾಡಿಕೊಂಡು ಬಂದಳು. ತಂಪು ಪಾನೀಯದ ಎರಡು ಖಾಲಿ ಡಬ್ಬಿಗಳನ್ನು ಕತ್ತರಿಸಿ, ಒಂದರೊಳಗೊಂದು ಕೂರಿಸಿ, ಅಂಚಿಗೆ ಸಣ್ಣ ತೂತು ಚುಚ್ಚಿದ್ದಳು. ಒಳಗೆ ಸ್ಪಿರಿಟ್ ಹಾಕಿ ಕಡ್ಡಿ ಗೀರಿದರೆ ಉರಿಯುತ್ತದಂತೆ. ಅಂಗೈ ಮೇಲಿಟ್ಟರೆ ಅಂಗೈ ಇನ್ನೂ ಮಿಗುವಷ್ಟು ಸಣ್ಣದು. ಇಷ್ಟು ಸಣ್ಣ ವಸ್ತುವಿನಿಂದ ಅಷ್ಟು ದೊಡ್ಡ ಅಂಜಿಕೆ ಹುಟ್ಟಬಹುದೆಂದು ನಾನು ಎಲ್ಲೂ ಓದಿರಲಿಲ್ಲ.

"ಮನಿಗೆ ಹೊಸಾ ಒಲಿ ಬಂತಂದ್ರ ಮೊದಲ ಹಾಲು ಉಕ್ಕಸಬೇಕು," ಎಂದಳು ಹೆಂಡತಿ. ಒಲೆಗೆ ಅರಿಷಿಣ ಕುಂಕುಮ ಹಚ್ಚಿದಳು. ಹಚ್ಚಲು ಜಾಗವೇ ಇರಲಿಲ್ಲ. ಎರಡು ತೂತು ಕುಂಕುಮದಲ್ಲಿ ಮುಚ್ಚಿಹೋದವು.

ಹಿತ್ತಲ ಕಟ್ಟೆಯ ಮೇಲೆ, ಮಟಮಟ ಬಿಸಿಲಿನಲ್ಲಿ, ಮಗಳು ಕಡ್ಡಿ ಗೀರಿದಳು. ನಾನು ನೀರಿನ ತೊಟ್ಟಿಯ ಹಿಂದೆ ಉಸುಕಿನ ಬಕೆಟ್ ಹಿಡಿದು ನಿಂತಿದ್ದೆ.

"ಹತ್ತೈತೇನು?" ಎಂದೆ.

"ಹತ್ತೈತಿ."

"ನನಗ ಕಾಣವಲ್ದು."

"ಸ್ಪಿರಿಟ್ ಉರಿ ಬಿಸಲಾಗ ಕಾಣೂದಿಲ್ಲಪ್ಪಾ."

ಇದು ನನಗೆ ಹೊಸದು. ಕಾಣುವ ಬೆಂಕಿಯಿಂದ ಎಷ್ಟು ದೂರ ನಿಲ್ಲಬೇಕೆಂದು ಲೆಕ್ಕ ಹಾಕಬಹುದು. ಕಾಣದ ಬೆಂಕಿ ಎಲ್ಲಿಯವರೆಗೆ ಬಂದಿದೆ ಎಂದು ಹೇಗೆ ತಿಳಿಯಬೇಕು? ನಾನು ತೊಟ್ಟಿಯಿಂದ ಗಿಡದ ಹಿಂದಕ್ಕೆ, ಗಿಡದ ಹಿಂದಿನಿಂದ ಕಂಪೌಂಡ್ ಗೋಡೆಯ ಹತ್ತಿರಕ್ಕೆ ಹೋದೆ.

ಹೆಂಡತಿ ಸಣ್ಣ ಡಬರಿಯಲ್ಲಿ ಕಂಠಮಟ್ಟ ಹಾಲು ಇಟ್ಟಿದ್ದಳು. ಉಕ್ಕಲೇಬೇಕಲ್ಲ. ಉಕ್ಕಿತು. ಉಕ್ಕಿದ ಹಾಲು ಪೂರ್ವಕ್ಕೂ ಹರಿಯಲಿಲ್ಲ, ಪಶ್ಚಿಮಕ್ಕೂ ಹರಿಯಲಿಲ್ಲ, ನೇರ ಒಲೆಯೊಳಗೆ ಇಳಿಯಿತು.

ಒಲೆ ಆರಿದೆಯೋ ಉರಿಯುತ್ತಿದೆಯೋ ಯಾರಿಗೂ ತಿಳಿಯದು. ಮಗಳು ಬಗ್ಗಿ ನೋಡಿದಳು. ನಾನು "ಬಗ್ಗಬ್ಯಾಡ!" ಎಂದು ಚೀರಿದೆ. ಹೆಂಡತಿ ಡಬರಿ ಕೆಳಗಿಟ್ಟು ಒಲೆಯೊಳಗೆ ಬೆರಳು ಅದ್ದಿದಳು.

"ಆರೈತಿ, ಬರ್ರಿ," ಎಂದಳು. ನಂತರ ಸುತ್ತ ನೋಡಿ, "ಎಲ್ಲಿ ಹೋದ್ರು?" ಎಂದಳು.

ನಾನು ಅಷ್ಟೊತ್ತಿಗೆ ಗೋಡೆಯ ಆಚೆ, ನೆರೆಮನೆಯವರ ಕರಿಬೇವಿನ ಗಿಡದ ಕೆಳಗೆ ಇದ್ದೆ. ನೆರೆಮನೆಯ ಅಜ್ಜಿ, "ಕರಿಬೇವು ಬೇಕಿತ್ತೇನ್ರಿ? ಬಾಗಲಿಂದ ಬಂದಿದ್ರ ಕೊಡ್ತಿದ್ನಿ," ಎಂದು ಕೇಳುತ್ತಿದ್ದಳು.

ಅಂದು ಸಂಜೆ ಹೆಂಡತಿ ತೀರ್ಪು ಕೊಟ್ಟಳು.

"ನೋಡವ್ವಾ, ಬಯಲಾಗ ಈ ಒಲಿ ಹಚ್ಚು. ನಿಮ್ಮಪ್ಪ ಅದರ ಬಾಜೂಕ ಕುಂತು, ಏಳದ, ಓಡದ, ಉಂಡು ಮುಗಸ್ಲಿ. ನಮ್ಮ ತವರಮನ್ಯಾಗ ಪಂಕ್ತ್ಯಾಗ ಕುಂತ್ರ ಎಲ್ಲಾರ ಊಟ ಮುಗಿಯೂ ತನಕ ಒಬ್ರೂ ಏಳೂದಿಲ್ಲ. ಹಂಗ. ಅವತ್ತ ನಾ ಹೂಂ ಅಂತೇನಿ."

"ಇದು ಅನ್ಯಾಯ ಯವ್ವಾ," ಎಂದಳು ಮಗಳು. "ಒಲಿ ಪರೀಕ್ಷಾ ಆದ್ರ ನಾ ಪಾಸ್ ಆಗ್ತೇನಿ. ಇದು ಅಪ್ಪನ ಪರೀಕ್ಷಾ ಆತು."

"ಅವರೂ ಅಂಜಲಿಲ್ಲ ಅಂದ್ರ ಅಂಥಾ ಒಲಿಗೆ ಜಗತ್ತಿನ್ಯಾಗ ಯಾರೂ ಅಂಜಬೇಕಾಗಿಲ್ಲ."

ಮಗಳು ನನ್ನ ಕಡೆ ನೋಡಿದಳು. ಫಲಿತಾಂಶ ಈಗಲೇ ಗೊತ್ತಾದವರ ನೋಟ ಅದು.

೨. ಎಲ್ಲ ಒಂದೊಂದು

ಒಲೆಗೆ ತಕ್ಕ ಪಾತ್ರೆ ಬೇಕಿತ್ತು. ಇಳಕಲ್ಲಿನ ಪೇಟೆಯಲ್ಲಿ ನನಗೆ ಪರಿಚಯದ ಪಾತ್ರೆ ಅಂಗಡಿ ಇದೆ. ಹೆಂಡತಿ ಹೊಸ ಸೀರೆ ತರಲು ಹೋದಾಗೆಲ್ಲ ನಾನು ಅಲ್ಲಿ ಕುಂತು ಕಾಯುವುದು ರೂಢಿ. ಈ ಸಲ ಒಬ್ಬನೇ ಹೋದೆ.

"ಏನ್ ಕೊಡ್ಲಿ ಸರ?"

"ಸಣ್ಣ ಡಬರಿ. ಒಬ್ಬರಿಗೆ ಅನ್ನ ಆಗುವಂಥಾದ್ದು."

"ಮತ್ತ?"

"ಉಣ್ಣಾಕ ಸಣ್ಣ ಥಾಟು ಒಂದು. ಚಮಚೆ ಒಂದು. ಗ್ಲಾಸು ಒಂದು. ಎಲ್ಲಾ ಹಗುರ ಇರಬೇಕು."

ಅಂಗಡಿಯವರು ಕೈ ನಿಲ್ಲಿಸಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಂತರ ದನಿ ತಗ್ಗಿಸಿ, "ಎಲ್ಲಾ ಒಂದೊಂದ ಏನ್ರಿ?" ಎಂದರು.

"ಹೂಂ, ಒಂದೊಂದ."

ನಮ್ಮ ಕಡೆ ಯಾರೂ ಪಾತ್ರೆ ಒಂದೊಂದು ಕೊಳ್ಳುವುದಿಲ್ಲ. ಮದುವೆಗೆ ಡಜನ್, ಹಬ್ಬಕ್ಕೆ ಅರ್ಧ ಡಜನ್. ಒಂದೊಂದು ಕೊಳ್ಳುವವನು ಮನೆಯಿಂದ ಬೇರೆಯಾದವನು. ಇದು ನನಗೆ ಹೊಳೆಯಲಿಲ್ಲ. ಅವರಿಗೆ ಹೊಳೆಯಿತು.

ಚಹಾ ತರಿಸಿದರು. ಕುರ್ಚಿ ಹತ್ತಿರ ಎಳೆದುಕೊಂಡರು. "ನಮ್ಮ ಮಾವನೂ ಹಿಂಗ ಬ್ಯಾರೆ ಆಗಿದ್ರು ಸರ. ಹದಿನೈದ ದಿನದಾಗ ವಾಪಸ್ ಬಂದ್ರು. ಅನ್ನ ಮಾಡಾಕ ಬರ್ತಿರಲಿಲ್ಲ."

ಅದು ಮಗಳ ಪ್ರವಾಸಕ್ಕೆ ಎಂದು ಹೇಳಬೇಕಿತ್ತು. ಹೇಳಿದರೆ ಒಬ್ಬಳೇ ಹೆಣ್ಣುಮಗಳನ್ನು ಬೆಟ್ಟಕ್ಕೆ ಕಳಿಸುತ್ತೀರಾ ಎಂಬ ಇನ್ನೊಂದು ಮಾತು ಶುರುವಾಗುತ್ತದೆಂದು ಅಂಜಿ ಸುಮ್ಮನಿದ್ದೆ. ಮೌನವೇ ಅವರಿಗೆ ಒಪ್ಪಿಗೆಯಾಯಿತು.

"ಡಬರಿ ಮಾತ್ರ ಸ್ವಲ್ಪ ದೊಡ್ಡದ ಒಯ್ರಿ," ಎಂದು ಇನ್ನೊಂದನ್ನು ಕಟ್ಟಿಕೊಟ್ಟರು. "ಇವತ್ತಿಲ್ಲ ನಾಳೆ ನಿಮ್ಮ ಮನಿ ಅಕ್ಕಾರು ಬರ್ತಾರ. ಇಬ್ಬರಿಗೂ ಆಕ್ಕೈತಿ." ಪಾತ್ರೆಗೆ ಹೆಸರು ಹಾಕಿಸುವ ಮಿಶನ್ ಅವರ ಕೈಯಲ್ಲೇ ಇತ್ತು. ಎಲ್ಲರ ಪಾತ್ರೆಗೂ ಹೆಸರು ಕೆತ್ತಿಯೇ ಕಳಿಸುವವರು, ನನ್ನದಕ್ಕೆ ಮಾತ್ರ ಕೆತ್ತಲಿಲ್ಲ. "ಹೆಸರು ಹಾಕಿದ್ರ ಕಾಯಂ ಆದಂಗಾಕ್ಕೈತ್ರಿ."

ಅವಸರದಿಂದ ಬಸ್ ಹತ್ತಿದೆ. ಇಳಕಲ್ಲಿನಿಂದ ಹುನಗುಂದ ದೂರವಲ್ಲ. ಆದರೆ ಮಾತು ಬಸ್ಸಿಗಿಂತ ಮೊದಲು ಮುಟ್ಟುತ್ತದೆ.

ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ನಮ್ಮಣ್ಣ ಫೋನ್ ಮಾಡಿದ್ದ. ನೀವು ಬ್ಯಾರೆ ಆಗಾಕತ್ತೀರಂತ."

ನಾನು ಚೀಲ ಕೆಳಗಿಟ್ಟೆ. ಅವಳು ಚೀಲ ಬಿಚ್ಚಿ ಒಂದೊಂದಾಗಿ ತೆಗೆದು ನೋಡಿದಳು. ಡಬರಿ ತಟ್ಟಿ ನೋಡಿದಳು. ಕೊನೆಗೆ ತಲೆಯಾಡಿಸಿದಳು.

"ಇಕ್ಕಳ ಎಲ್ಲಿ? ಬಿಸಿ ಡಬರಿ ಬರಿಗೈಲೆ ಇಳಸ್ತೀರೇನು? ಬ್ಯಾರೆ ಆಗಾಕೂ ಒಂದು ತಯಾರಿ ಬೇಕ್ರಿ."

೩. ಜೋಡಿ ಕಲ್ಲು

ಮೊದಲ ಪರೀಕ್ಷೆ ನಡೆದದ್ದು ನನ್ನ ಗೆಳೆಯನ ಜಾಗದಲ್ಲಿ. ಅವನದು ಇಳಕಲ್ಲಿನ ಹೊರಗೆ ಗ್ರಾನೈಟ್ ಕ್ವಾರಿ, ಪಕ್ಕದಲ್ಲೇ ಕಲ್ಲು ಪಾಲಿಶ್ ಮಾಡುವ ಶೆಡ್. ಬಾಲ್ಯದಿಂದ ನನ್ನನ್ನು ಬಲ್ಲವನು, ಹಾಗಾಗಿ ನನ್ನ ಧೈರ್ಯದ ಬಗ್ಗೆ ಭ್ರಮೆ ಇಲ್ಲದವನು.

"ಶೆಡ್ಡಿನ ಹಿಂದ ಬಾ ಲೇ. ಗಾಳಿ ಇಲ್ಲ, ಹುಲ್ಲಿಲ್ಲ, ಬರೇ ಕಲ್ಲು. ಹತ್ತಿದ್ರೂ ಹತ್ತಾಕ ಏನೂ ಇಲ್ಲ," ಎಂದಿದ್ದ.

ನಾನು ಒಲೆಯಿಂದ ಒಂದು ಮಾರು ದೂರದಲ್ಲಿ ಕೂತೆ. ಮಗಳು "ಇನ್ನೂ ಹತ್ರ" ಎಂದಳು. ಜರುಗಿದೆ. "ಇನ್ನೂ." ಮೊಣಕಾಲು ಒಲೆಗೆ ತಾಗುವಷ್ಟು ಹತ್ತಿರವಾಯಿತು. ಅಲ್ಲಿಂದ ಎಲ್ಲಿಯೂ ಓಡುವುದಿಲ್ಲವೆಂದು ಮನಸ್ಸಿನಲ್ಲೇ ಎಲ್ಲ ದೇವರಿಗೂ ಮಾತು ಕೊಟ್ಟೆ. ದೂರದಲ್ಲಿ ಯಾರೋ ಸೀಟಿ ಊದುತ್ತಿದ್ದರು. ಊದಲಿ ಎಂದುಕೊಂಡೆ.

ಮಗಳು ಕಡ್ಡಿ ಗೀರಿ ಒಲೆಯ ಬಾಯಿಗೆ ಹಿಡಿದಳು.

ಢಂ!

ಭೂಮಿ ನಡುಗಿತು. ಶೆಡ್ಡಿನ ತಗಡು ಗಡಗಡ ಎಂದಿತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ನನ್ನ ಕಾಲು ನನ್ನನ್ನು ಕೇಳದೆ ಹೊರಟಿದ್ದವು. ಹಿಂದಿನಿಂದ "ಸರ! ಆ ಕಡೆ ಬ್ಯಾಡ್ರೀ! ಆ ಕಡೆ ಬ್ಯಾಡ!" ಎಂದು ನಾಕಾರು ಜನ ಕೂಗುವುದು ಕೇಳಿಸಿತು. ಒಲೆಯ ಸುದ್ದಿ ಗೊತ್ತಾಗಿ ನನ್ನನ್ನು ಮರಳಿ ಅದರ ಹತ್ತಿರ ಕೂರಿಸಲು ಕರೆಯುತ್ತಿದ್ದಾರೆಂದು ತಿಳಿದು ಇನ್ನೂ ಜೋರಾಗಿ ಓಡಿದೆ. ಕೊನೆಗೆ ಕೆಂಪು ಬಾವುಟ ಹಿಡಿದ ಕೂಲಿಯವನೊಬ್ಬ ನನ್ನ ಅಂಗಿಯ ಕಾಲರ್ ಹಿಡಿದು ನೆಲಕ್ಕೆ ಕೂರಿಸಿದ.

ಅದು ಕ್ವಾರಿಯಲ್ಲಿ ಕಲ್ಲಿಗೆ ಮದ್ದು ಹಾರಿಸುವ ಹೊತ್ತು. ಸೀಟಿ ಊದಿದ್ದು ಅದಕ್ಕೇ. ಗೆಳೆಯ ಹೇಳಲು ಮರೆತಿದ್ದ.

ಅವನು ಬಂದು ನನ್ನೆದುರು ಸೊಂಟದ ಮೇಲೆ ಕೈಯಿಟ್ಟು ನಿಂತ. "ಲೇ, ಮದ್ದಿಗೆ ಅಂಜಿ ಒಲಿ ಹಿಂದ ಅಡಗಿದ್ರ ಒಂದು ಮಾತು. ಒಲಿಗೆ ಅಂಜಿ ಮದ್ದಿನ ಕಡೆ ಓಡಿದವ ಈ ಇಳಕಲ್ಲನ್ಯಾಗ ನೀ ಒಬ್ಬನ."

ತಪ್ಪು ತನ್ನದೆಂದು ಅವನಿಗೂ ಅನ್ನಿಸಿತ್ತು. ಒಲೆಯನ್ನು ತಿರುಗಿಸಿ ನೋಡಿ, "ಇದು ಅಲಗಾಡತೈತಿ, ಅದಕ್ಕ ನಿನಗ ಅಂಜಿಕಿ," ಎಂದು ತಾನೇ ರೋಗ ಕಂಡುಹಿಡಿದ. ಶೆಡ್ಡಿಗೆ ಹೋಗಿ, ಒಲೆಯ ಕೆಳಗಿಡಲೆಂದು ಕೆಂಪು ಗ್ರಾನೈಟಿನ ಒಂದು ತುಂಡು ಕೊಯ್ಸಿಕೊಂಡು ಬಂದ. ಅಂಚು ಉಜ್ಜಿಸಿದ್ದ, ಮುಖ ನೋಡಿಕೊಳ್ಳುವಷ್ಟು ಪಾಲಿಶ್ ಮಾಡಿಸಿದ್ದ. ಒಂದಲ್ಲ, ಎರಡು.

"ಎರಡ್ಯಾಕಪ್ಪಾ?" ಎಂದೆ. "ಕಲ್ಲು ಒಡಿತೈತೇನು?"

"ಎದಕ್ಕ ಒಡಿತೈತಿ? ಆದ್ರ ಮಗಳಿಗೆ ಕೊಡೂದು. ಒಂಟಿ ಕೊಡಬಾರದು."

ಬೆನ್ನಚೀಲದಲ್ಲಿ ಪ್ರತಿಯೊಂದೂ ಹಗುರ ಇರಬೇಕೆಂದು ಮಗಳು ಚಮಚೆಯ ಹಿಡಿಕೆಯನ್ನೂ ಅರ್ಧಕ್ಕೆ ಕತ್ತರಿಸಿದ್ದಳು. ಆ ಚಮಚೆಯನ್ನು ಎರಡು ಗ್ರಾನೈಟ್ ಕಲ್ಲಿನ ನಡುವೆ ಇಟ್ಟು, ಚೀಲ ಕಟ್ಟಿ, ನನ್ನ ಬೆನ್ನಿಗೆ ಹಾಕಿದಳು.

೪. ನೀರು ಕೇಳಿದವರು

ಎರಡನೆಯ ಪರೀಕ್ಷೆ ಬಾದಾಮಿ ದಾರಿಯಲ್ಲಿ, ಒಂದು ಬೇವಿನ ಗಿಡದ ಕೆಳಗೆ. ಸ್ಕೂಟರಿನಲ್ಲಿ ಹೋಗಿದ್ದೆವು. ಈ ಸಲ ಎಲ್ಲವೂ ಸರಿಯಾಗಿ ನಡೆದಿತ್ತು. ಒಲೆ ಕಲ್ಲಿನ ಮೇಲೆ ಭದ್ರವಾಗಿ ಕೂತಿತ್ತು. ಉಪ್ಪಿಟ್ಟಿನ ನೀರು ಕುದಿಯಲು ಹತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಕಣ್ಣು ತೆರೆದಿರಬೇಕೆಂದು ಹೆಂಡತಿಯ ಷರತ್ತಿನಲ್ಲಿ ಇರಲಿಲ್ಲ.

ಕುರಿಗಳ ಸದ್ದಿಗೆ ಒಮ್ಮೆ ಕಣ್ಣು ತೆರೆದು ಮುಚ್ಚಿದೆ. ಕುರಿ ಮೇಯಿಸುತ್ತ ಒಬ್ಬ ಹಿರಿಯರು ಬಂದಿದ್ದರು. ಹೆಗಲ ಮೇಲೆ ಕಂಬಳಿ, ಹಣೆಗೆ ಭಂಡಾರ. ಗಿಡದ ನೆರಳಿಗೆ ಕೂತರು. ಮಗಳೊಡನೆ ಅದು ಇದು ಮಾತಾಡಿದರು. ಒಲೆಯಲ್ಲಿ ಉರಿ ಕಾಣದಿದ್ದರೂ ನೀರು ಕುದಿಯುವುದನ್ನು ನೋಡಿ, "ಬೀರಪ್ಪನ ಪವಾಡ ಆತಲ್ಲ ಇದು," ಎಂದರು.

ನಾನು ಕಣ್ಣು ಮುಚ್ಚಿಯೇ ನಕ್ಕೆ. ಆಗ ಅವರ ದನಿ ಕೇಳಿಸಿತು: "ಬಿಸಲು ಭಾಳ ಐತಿ. ಸ್ವಲ್ಪ ನೀರು ಕುಡಿತೇನಿ ತಂಗೀ."

ನಮ್ಮ ಸೀಮೆಯಲ್ಲಿ ನೀರು ಕೇಳಿದವರಿಗೆ ಇಲ್ಲ ಎನ್ನುವ ಮಾತೇ ಇಲ್ಲ. ಮಗಳು, "ಕುಡೀರಿ ಅಜ್ಜಾ," ಎಂದಳು, ಉಪ್ಪಿಟ್ಟಿಗೆ ರವೆ ಸುರಿಯುತ್ತ. ನಾನು ಕಣ್ಣು ತೆರೆದೆ.

ಅಜ್ಜನ ಕೈಯಲ್ಲಿದ್ದದ್ದು ಸ್ಪಿರಿಟ್ ಬಾಟಲಿ.

ಹಣ ಉಳಿಸಲೆಂದು ಅದನ್ನು ಹಳೆಯ ನೀರಿನ ಬಾಟಲಿಯಲ್ಲಿ ತುಂಬಿದ್ದೆವು. ನೀರಿನ ಬಾಟಲಿಯೂ ಅಂಥದ್ದೇ. ಎರಡೂ ಪಕ್ಕಪಕ್ಕ ಇದ್ದವು. ಅಜ್ಜ ಮುಚ್ಚಳ ತೆಗೆದು, ತಲೆ ಮೇಲೆತ್ತಿ, ಬಾಯಿ ತೆರೆದಿದ್ದರು. ನನ್ನ ಜೀವ ಬಾಯಿಗೆ ಬಂತು. ಹಾರಿ ಹೋಗಿ ಬಾಟಲಿ ಕಸಿದುಕೊಂಡೆ. ಎದೆಗೆ ಅವಚಿಕೊಂಡು ನಿಂತೆ. ಕೈಕಾಲು ಗದಗದ ನಡುಗುತ್ತಿದ್ದವು.

ಅಜ್ಜ ಬಾಯಿ ಮುಚ್ಚಿದರು. "ನೀರು ಕೇಳಿದ್ರ ಹಿಂಗ ಕಸಗೋತಾರೇನ್ರಿ?"

"ನೀರಲ್ರೀ ಅದು," ಎಂದೆ ಏದುಸಿರು ಬಿಡುತ್ತ. "ಸ್ಪಿರಿಟ್. ಸ್ಪಿರಿಟ್ ಅದು!"

ಅಜ್ಜ ಬಾಟಲಿ ನೋಡಿದರು. ನನ್ನ ನಡುಗುವ ಕೈ ನೋಡಿದರು. ಅದನ್ನು ನಾನು ಎದೆಗೆ ಅವಚಿಕೊಂಡ ರೀತಿ ನೋಡಿದರು. ಮಗಳ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು. ನೀರಿನ ಬಾಟಲಿ ಕೊಟ್ಟಾಗ ಕುಡಿದು, ಕಂಬಳಿ ಕೊಡವಿ ಎದ್ದರು. ಹೋಗುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಬೀರಪ್ಪನ ಆಣಿ ಸರ, ನಾ ಯಾರ ಮುಂದೂ ಹೇಳೂದಿಲ್ಲ. ಆದ್ರ ಹಗಲ ಹೊತ್ತು ಬ್ಯಾಡ್ರಿ. ಮಗಳ ಮುಂದಂತೂ ಬ್ಯಾಡ."

ಮನೆಯಲ್ಲಿ ಹೆಂಡತಿ ಎಲ್ಲ ಕೇಳಿದಳು. "ಒಂದು ಜೀವಾ ಉಳಿಸಾಕ ಎದ್ದೆ," ಎಂದು ನಾನು ವಾದಿಸಿದೆ.

"ಛಲೋ ಮಾಡಿದ್ರಿ. ಆದ್ರ ಎದ್ದದ್ದು ಎದ್ದದ್ದ."

ಮಗಳು ಸ್ಪಿರಿಟ್ ಬಾಟಲಿಗೆ ಕೆಂಪು ಬಟ್ಟೆ ಸುತ್ತಿ ಬಿಗಿಯಾಗಿ ದಾರ ಕಟ್ಟುತ್ತ ಕೂತಿದ್ದಳು. ಗೆಳತಿಯರು ಸೋಮವಾರದೊಳಗೆ ಹೌದೋ ಅಲ್ಲವೋ ಹೇಳು ಎಂದಿದ್ದರು. ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಅಂದು ನನಗೊಂದು ವಿಷಯ ಸ್ಪಷ್ಟವಾಯಿತು. ನಾನು ಅಂಜುತ್ತಿದ್ದದ್ದು ಆ ಡಬ್ಬಿಯ ಒಲೆಗಲ್ಲ. ನಾನು ಉಸುಕಿನ ಬಕೆಟ್ ಹಿಡಿದು ನಿಲ್ಲಲಾಗದಷ್ಟು ದೂರದಲ್ಲಿ ಅವಳು ಅದನ್ನು ಹಚ್ಚುತ್ತಾಳಲ್ಲ, ಅದಕ್ಕೆ. ಆದರೆ ಅಂಥ ಅಂಜಿಕೆಗೆ ಯಾವ ಪರೀಕ್ಷೆಯೂ ಇಲ್ಲ. ಒಲೆಯದನ್ನಾದರೂ ಗೆಲ್ಲಬೇಕಿತ್ತು.

೫. ಚರಗ

ಕೊನೆಯ ಪರೀಕ್ಷೆ ಭಾನುವಾರ, ಮಹಾಕೂಟದ ಹತ್ತಿರ. ಈ ಸಲ ಹೆಂಡತಿ ತಾನೇ ಕಣ್ಣಾರೆ ನೋಡುತ್ತೇನೆಂದಳು. ನಾನೂ ಮಗಳೂ ಬಾದಾಮಿಯಿಂದ ಗುಡ್ಡದ ಹಳೆಯ ದಾರಿ ಹಿಡಿದು ನಡೆದು ಬರುವುದು, ಅವಳು ಆಟೋದಲ್ಲಿ ಬರುವುದು ಎಂದಾಯಿತು. ನಡೆಯುವ ರೂಢಿಯೂ ಆಗಲಿ ಎಂದು ಮಗಳ ಆಸೆ. ನನ್ನ ಬೆನ್ನ ಮೇಲೆ ಜೋಡಿ ಕಲ್ಲು. ಇಳಿಜಾರಿನಲ್ಲಿ ಕಾಲು ಜಾರಿದರೆ ಕಲ್ಲು ಮೊದಲು ಮುಟ್ಟುತ್ತದೋ ನಾನು ಮೊದಲು ಮುಟ್ಟುತ್ತೇನೋ ಎಂದು ಯೋಚಿಸುತ್ತ ಮಹಾಕೂಟ ಮುಟ್ಟಿದೆ.

ಗುಡಿಯಲ್ಲಿ ಕೈಮುಗಿದು, ಹೊರಗೆ ರಸ್ತೆಯಿಂದ ಸ್ವಲ್ಪ ದೂರ ಬರೀ ಕಲ್ಲು ಹಾಸಿದಂತಿದ್ದ ಬಯಲು ನೋಡಿ ಕೂತೆವು. ಆಟೋದವರು ರಸ್ತೆ ಬದಿಗೆ ನಿಲ್ಲಿಸಿಕೊಂಡು ಮೊಬೈಲ್ ನೋಡುತ್ತಿದ್ದರು. ಹೆಂಡತಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ತಂದಿದ್ದಳು. "ನಿಮ್ಮ ಒಲಿ ಕೈ ಕೊಟ್ರ ಇರ್ಲಿ ಅಂತ."

ಮಗಳು ಒಂದು ಕಲ್ಲು ಹೊರಗೆ ತೆಗೆದು ಅದರ ಮೇಲೆ ಒಲೆ ಇಟ್ಟಳು. ಇನ್ನೊಂದು ಚೀಲದಲ್ಲೇ ಉಳಿಯಿತು. ನಾನು ಚೀಲವನ್ನು ಬೆನ್ನಿನಿಂದ ಇಳಿಸಲಿಲ್ಲ. ಎದೆಯ ಮೇಲಿನ ಪಟ್ಟಿಯನ್ನೂ ಬಿಗಿದುಕೊಂಡೇ ಕೂತೆ.

"ಅದನ್ಯಾಕ ಹಾಕ್ಕೊಂಡೀರಿ?" ಎಂದಳು ಹೆಂಡತಿ.

"ರೂಢಿ ಆಗ್ಲಿ ಅಂತ," ಎಂದೆ. ನಿಜ ಹೇಳಬೇಕೆಂದರೆ, ಓಡುವುದೇ ಆದರೆ ಸಾಮಾನು ಸಮೇತ ಓಡಬೇಕೆಂಬ ಯೋಚನೆ ಇತ್ತು.

ಮಗಳು ಕಡ್ಡಿ ಗೀರಿದಳು. ಉರಿ ಕಾಣಲಿಲ್ಲ. ನಾನು ಏಳಲಿಲ್ಲ. ಅಕ್ಕಿ ಬೇಳೆ ಕುದಿಯಿತು. ನಾನು ಏಳಲಿಲ್ಲ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿತು. ಏಳಲಿಲ್ಲ. ಕಿಚಡಿಯ ವಾಸನೆ ಬಂತು. ಮಗಳು ಇಕ್ಕಳದಿಂದ ಡಬರಿ ಇಳಿಸಿ, ಒಲೆಯ ಮೇಲೆ ಒಂದು ಖಾಲಿ ಡಬ್ಬಿ ಕವುಚಿ ಉರಿ ಆರಿಸಿದಳು. ಅವಳ ಮುಖದಲ್ಲಿ ಮೊದಲ ಬಾರಿ ನಗು ಮೂಡಿತು. ಇನ್ನು ಉಣ್ಣುವುದೊಂದೇ ಬಾಕಿ.

"ತಡೀರಿ," ಎಂದಳು ಹೆಂಡತಿ. "ಬಯಲಾಗ ಅಡಿಗಿ ಮಾಡೇವಿ. ಚರಗಾ ಚೆಲ್ಲದ ಉಣ್ತೀರೇನು?"

ಹೊಲದಲ್ಲಿ ಉಣ್ಣುವ ಮೊದಲು ಭೂಮಿತಾಯಿಗೆಂದು ನಾಕೂ ದಿಕ್ಕಿಗೆ ತುತ್ತು ಎರಚುವುದು ಅವಳ ತವರಿನ ಪದ್ಧತಿ. ಅವರ ಹೊಲದಲ್ಲಿ ಇದನ್ನು ಕೊಪ್ಪರಿಗೆಯ ಅಡುಗೆಯಿಂದ ಚೆಲ್ಲುತ್ತಾರೆ. ಇಲ್ಲಿ ಇದ್ದದ್ದು ಒಂದೂವರೆ ಹೊಟ್ಟೆಗಾಗುವ ಡಬರಿ. ಅವಳು ಕೈ ಹಿಡಿತ ಮಾಡುವವಳಲ್ಲ. ಎದ್ದು ನಿಂತು, ಸೆರಗು ಸಿಕ್ಕಿಸಿ, ಪೂರ್ವಕ್ಕೊಂದು ಮುಷ್ಟಿ, ಪಶ್ಚಿಮಕ್ಕೊಂದು, ಉತ್ತರಕ್ಕೊಂದು, ದಕ್ಷಿಣಕ್ಕೊಂದು ಎರಚಿ, ಹೊಲದಲ್ಲಿ ಕೂಗುವಂತೆ ದೊಡ್ಡ ದನಿಯಲ್ಲಿ ಕೂಗಿದಳು.

ಮರೋಳದ ಹೊಲದಲ್ಲಿ ಆ ಕೂಗಿಗೆ ಹಕ್ಕಿ ಬರುತ್ತವೆ. ಇದು ಬಾದಾಮಿ ಸೀಮೆ.

ಪೂರ್ವದ ಬಂಡೆಯ ಮೇಲೆ ಒಂದು ತಲೆ ಕಾಣಿಸಿತು. ಪಶ್ಚಿಮದ ಗಿಡ ಅಲ್ಲಾಡಿತು. ಉತ್ತರ, ದಕ್ಷಿಣ ನೋಡುವಷ್ಟರಲ್ಲಿ ಕರೆದ ದಿಕ್ಕಿನಿಂದೆಲ್ಲ ಮಂಗಗಳು ಬಂದಾಗಿತ್ತು. ಕರೆ ಕೊಟ್ಟವರ ಮನೆಗೆ ಬಂದ ಬೀಗರ ಹಾಗೆ, ಯಾವ ಸಂಕೋಚವೂ ಇಲ್ಲದೆ ಬಂದವು.

ನನ್ನ ಹೆಂಡತಿ ಜೀವನದಲ್ಲಿ ಯಾವುದಕ್ಕೂ ಅಂಜಿದ್ದನ್ನು ನಾನು ನೋಡಿರಲಿಲ್ಲ ಎಂದೆನಲ್ಲ. ಅಂದು ನೋಡಿದೆ. ರೊಟ್ಟಿಯ ಗಂಟು ಎದೆಗೆ ಅವಚಿಕೊಂಡು, "ಯವ್ವಾ! ಯವ್ವಾ!" ಎನ್ನುತ್ತ, ಅವಳು ಓಡಿದ ಓಟಕ್ಕೆ ಕ್ವಾರಿಯಲ್ಲಿ ನಾನು ಓಡಿದ್ದು ಏನೂ ಅಲ್ಲ. ಒಂದು ತಂಡ ಅವಳ ಹಿಂದೆ ಹೋಯಿತು. ಅವಳು ಆಟೋ ಹೊಕ್ಕು ಪಕ್ಕದ ಪರದೆ ಎಳೆದುಕೊಂಡಳು. ಆಟೋದವರು ಮುಂದಿನ ಸೀಟಿನಿಂದ ಹಿಂದಕ್ಕೆ ಹಾರಿ ಅವಳ ಪಕ್ಕದಲ್ಲೇ ಮುದುಡಿ ಕೂತರು.

ನಾನೂ ಏಳಬೇಕೆಂದೆ. ಎಲ್ಲ ತಯಾರಿಯೂ ಇತ್ತು. ಕಾಲು ಒತ್ತಿದೆ, ಕೈ ಊರಿದೆ. ಮೇಲೇಳಲಾಗಲಿಲ್ಲ. ಬೆನ್ನಿನ ಮೇಲೆ ಗ್ರಾನೈಟ್ ಇತ್ತು. ಗ್ರಾನೈಟಿನ ಮೇಲೆ ಇನ್ನೇನೋ ಇತ್ತು. ನನ್ನ ಬಲಗಿವಿಗೆ ಬಿಸಿ ಉಸಿರು ತಾಗಿತು.

"ಅಪ್ಪಾ," ಎಂದಳು ಮಗಳು, ತುಟಿ ಅಲ್ಲಾಡಿಸದೆ. "ತಿರುಗಬ್ಯಾಡ."

"ಏನೈತಿ?"

"ದೊಡ್ಡ ಗಂಡ ಮಂಗ್ಯಾ. ಚೀಲದ ಮ್ಯಾಲ ಕುಂತೈತಿ. ಸುಮ್ಮನ ಕುಂದ್ರು. ಉಣ್ಣು."

ಉಣ್ಣು! ನನ್ನ ಹಲ್ಲು ಒಂದಕ್ಕೊಂದು ಬಡಿದುಕೊಳ್ಳುತ್ತಿದ್ದವು. ಮಗಳು ಡ್ರಿಲ್ ಮಾಡಿಸುವ ಮಾಸ್ತರಿಣಿಯ ದನಿಯಲ್ಲಿ ಮತ್ತೆ, "ಥಾಟು ತಗೊ. ಉಣ್ಣು. ಏಳಬ್ಯಾಡ," ಎಂದಳು. ಮೆಲ್ಲಗೆ ಉಳಿದ ಕಿಚಡಿ ಬಡಿಸಿದಳು. ಸುತ್ತಲೂ ಕೂತ ಮಂಗಗಳ ಕಣ್ಣು ತಪ್ಪಿಸಿ, ಕೆಂಪು ಬಟ್ಟೆಯ ಬಾಟಲಿಯನ್ನು ಮಡಿಲಲ್ಲಿ ಮುಚ್ಚಿಕೊಂಡಳು. ಒಲೆಯ ಮೇಲಿನ ಡಬ್ಬಿ ಭದ್ರ ಇದೆಯೇ ನೋಡಿದಳು. ಬೆಟ್ಟದಲ್ಲಿ ಇವಳಿಗೆ ಏನಾದರೂ ಆದೀತು ಎಂದು ನಾನು ಇಷ್ಟು ದಿನ ಅಂಜುತ್ತಿದ್ದೆನಲ್ಲ, ಬೆಟ್ಟಕ್ಕೆ ಏನಾದರೂ ಆದೀತೇನೋ ಎಂದು ಆ ಗಳಿಗೆಯಲ್ಲಿ ಅನ್ನಿಸಿತು.

ನಾನು ಒಂದು ತುತ್ತು ಬಾಯಿಗಿಟ್ಟೆ. ನನ್ನ ಭುಜದ ಮೇಲಿನಿಂದ ಒಂದು ಕರಿಯ ಕೈ ಇಳಿದು ಬಂತು. ಥಾಟಿನಿಂದ ತನ್ನ ತುತ್ತು ತೆಗೆದುಕೊಂಡು ಮೇಲಕ್ಕೆ ಹೋಯಿತು. ಕಿವಿಯ ಹತ್ತಿರ ಚಪ್ಪರಿಸುವ ಸದ್ದು. ನಾನು ಇನ್ನೊಂದು ತುತ್ತು. ಅದು ಇನ್ನೊಂದು. ಅವಸರ ಮಾಡಲಿಲ್ಲ, ನನ್ನ ಸರದಿ ತಪ್ಪಿಸಲಿಲ್ಲ. ಅನ್ನದಲ್ಲಿ ಸಿಕ್ಕ ಮೆಣಸಿನಕಾಯಿಯನ್ನು ಮಾತ್ರ ಎತ್ತಿ ನನ್ನ ಕಡೆಗೆ ಸರಿಸಿತು.

ಆಟೋದ ಪರದೆಯ ಸಂದಿನಿಂದ ಹೆಂಡತಿ ಎಲ್ಲ ನೋಡುತ್ತಿದ್ದಳು. ನನ್ನ ಮುಂದೆ ಒಲೆ, ಬೆನ್ನ ಮೇಲೆ ಮಂಗ, ಕೈಯಲ್ಲಿ ತುತ್ತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಅವಳ ಕಣ್ಣಿಗೆ ಇಷ್ಟು ಧೀರನಾಗಿ ಕಂಡಿರಲಿಕ್ಕಿಲ್ಲ. ಕೊನೆಗೆ ಅಲ್ಲಿಂದಲೇ ಕೂಗಿದಳು.

"ಹೂಂ! ಹೂಂ ಅಂದೇನವ್ವಾ! ಹಿಮಾಲಯಕ್ಕ ಬೇಕಾದ್ರ ಹೋಗು, ಎಲ್ಲಿ ಬೇಕಾದ್ರೂ ಹೋಗು! ಮೊದ್ಲ ನಿಮ್ಮಪ್ಪನ್ನ ಎಬ್ಬಿಸಿ ಕರ್ಕೊಂಡ್ ಬಾ!"

ಮಗಳ ಕಣ್ಣು ಮಿನುಗಿದವು. ನನ್ನ ಕಡೆ ಬಗ್ಗಿ ಪಿಸುಗುಟ್ಟಿದಳು. "ಅಪ್ಪಾ, ಅವ್ವ ಹೂಂ ಅಂದ್ಲು! ಪಾಸ್ ಆದಿ! ಇನ್ನ ಮೆಲ್ಲಕ ಏಳು."

ಭುಜದ ಮೇಲಿನಿಂದ ಆ ಕೈ ಮತ್ತೆ ಥಾಟಿಗೆ ಇಳಿಯಿತು.

"ಹ್ಯಾಂಗ ಏಳ್ಲೆವ್ವಾ," ಎಂದೆ, ಮುಖ ತಿರುಗಿಸದೆ. "ಪಂಕ್ತ್ಯಾಗ ಇವರದಿನ್ನ ಊಟ ಮುಗಿದಿಲ್ಲ."